ಪಥ್ಯ: ಪದದ ಅರ್ಥವೂ ಪಾಲನೆಯ ಕ್ರಮವೂ

ನಮ್ಮ ಚಿಕಿತ್ಸಾಲಯಕ್ಕೆ ಬರುವ ಬಹುಪಾಲು ಜನರು ಔಷಧದ ಚೀಟಿಯನ್ನು ಕೈಗೆ ತೆಗೆದುಕೊಂಡು ಬಾಗಿಲವರೆಗೆ ಹೋಗಿ, ಮತ್ತೆ ತಿರುಗಿ ನಿಂತು ಒಂದು ಪ್ರಶ್ನೆ ಕೇಳುತ್ತಾರೆ: “ಸಾಹೇಬ್ರ, ಪಥ್ಯ ಏನೈತ್ರಿ?” ಅವರು ನಿರೀಕ್ಷಿಸುವ ಉತ್ತರ ಯಾವುದೆಂಬುದು ನಮಗೆ ತಿಳಿದಿದೆ. ಬದನೆಕಾಯಿ ಬೇಡ, ಕುಂಬಳಕಾಯಿ ಬೇಡ, ಹುಳಿ ಬೇಡ, ಖಾರ ಬೇಡ, ಕರಿದದ್ದು ಬೇಡ ಎಂದು ನಾವು ಹೇಳುತ್ತ ಹೋಗಬೇಕು. ಅವರು ಬೆರಳು ಮಡಚಿ ಎಣಿಸುತ್ತ ಹೋಗಬೇಕು. ಪಟ್ಟಿ ಉದ್ದವಾದಷ್ಟೂ ವೈದ್ಯರ ಮೇಲಿನ ನಂಬಿಕೆ ಹೆಚ್ಚು. “ಏನನ್ನೂ ಬಿಡಬೇಕಾಗಿಲ್ಲ, ಹೊತ್ತಿಗೆ ಸರಿಯಾಗಿ ಉಣ್ಣಿರಿ” ಎಂದರೆ ಅವರ ಮುಖ ಸಪ್ಪಗಾಗುತ್ತದೆ. ಪಥ್ಯವೇ ಇಲ್ಲದ ಮೇಲೆ ಅದೆಂಥ ಔಷಧವೆಂಬ ಸಂಶಯ ಅವರ ಕಣ್ಣಿನಲ್ಲಿ ಕಾಣುತ್ತದೆ.

ಪಥ್ಯವೆಂಬುದು ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರ ಬಾಯಲ್ಲಿರುವ ಪದ. ಪಥ್ಯ ಮಾಡುವುದು, ಪಥ್ಯ ಹಿಡಿಯುವುದು, ಪಥ್ಯ ಮುರಿಯುವುದು, ಪಥ್ಯ ಬಿಡುವುದು ಎಂದು ಅದಕ್ಕೆ ಎಷ್ಟೊಂದು ಕ್ರಿಯಾಪದಗಳು ಅಂಟಿಕೊಂಡಿವೆ! ಆದರೆ ಇಷ್ಟು ಬಳಕೆಯಲ್ಲಿರುವ ಪದದ ಅರ್ಥವೇ ಕಾಲಕ್ರಮದಲ್ಲಿ ತಲೆಕೆಳಗಾಗಿದೆ. ಅರ್ಥ ತಪ್ಪಿದರೆ ಪಾಲನೆಯೂ ತಪ್ಪುತ್ತದೆ. ಪಾಲನೆ ತಪ್ಪಿದ್ದರಿಂದ ನಲುಗಿದವರನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅವರಲ್ಲಿ ಒಬ್ಬರು ನಮ್ಮದೇ ಚೀಟಿಯಿಂದ ನಲುಗಿದವರು. ಆ ಸಂಗತಿಯನ್ನು ಮುಂದೆ ಹೇಳುತ್ತೇವೆ. ಮೊದಲು ಪದದ ವಿಚಾರ.

ಪದದ ಮೂಲ

ಸಂಸ್ಕೃತದಲ್ಲಿ ಪಥ ಎಂದರೆ ದಾರಿ. ದಾರಿಗೆ ಹಿತವಾದದ್ದು, ದಾರಿಯನ್ನು ಕೆಡಿಸದೆ ಇರುವಂಥದ್ದು ಪಥ್ಯ. ಯಾವ ದಾರಿ? ಚರಕಸಂಹಿತೆಯ ವ್ಯಾಖ್ಯಾನಕಾರರಾದ ಚಕ್ರಪಾಣಿದತ್ತರು ಇದನ್ನು ಶರೀರದೊಳಗಿನ ಸ್ರೋತಸ್ಸುಗಳು, ಅಂದರೆ ರಸರಕ್ತಾದಿಗಳು ಸಂಚರಿಸುವ ಮಾರ್ಗಗಳು ಎಂದು ವಿವರಿಸುತ್ತಾರೆ. ಅನ್ನವು ಒಳಗೆ ಹೋಗಿ, ಜೀರ್ಣವಾಗಿ, ಧಾತುಗಳಿಗೆ ಒದಗಿ, ಮಲವಾಗಿ ಹೊರಬೀಳುವವರೆಗಿನ ಹಾದಿ ಎಲ್ಲಿಯೂ ಕಟ್ಟಿಕೊಳ್ಳದಂತೆ, ಎಲ್ಲಿಯೂ ಸವೆಯದಂತೆ ನಡೆಸುವ ಆಹಾರವಿಹಾರವೇ ಪಥ್ಯ. ಚರಕಾಚಾರ್ಯರು ಸೂತ್ರಸ್ಥಾನದ 25ನೆಯ ಅಧ್ಯಾಯದಲ್ಲಿ ಪಥ್ಯದ ಲಕ್ಷಣವನ್ನು ಹೇಳುವಾಗ ಇನ್ನೂ ಒಂದು ಮಾತನ್ನು ಸೇರಿಸುತ್ತಾರೆ. ಅದು ಮನಸ್ಸಿಗೂ ಪ್ರಿಯವಾಗಿರಬೇಕು. ನಮ್ಮ ಮನೆಗಳಲ್ಲಿ ಪಥ್ಯದ ಊಟವೆಂದರೆ ಮೂಗು ಹಿಡಿದು ನುಂಗುವ ಊಟ ಎಂಬ ಕಲ್ಪನೆ ಇರುವಾಗ, ಶಾಸ್ತ್ರಕಾರರು ಮನಸ್ಸಿಗೆ ಒಪ್ಪುವುದನ್ನೂ ಲಕ್ಷಣದೊಳಗೆ ಸೇರಿಸಿದ್ದಾರೆಂಬುದನ್ನು ಗಮನಿಸಬೇಕು.

ಸೋಜಿಗದ ಸಂಗತಿಯೆಂದರೆ, ಈ ಮೂಲಾರ್ಥವನ್ನು ಕನ್ನಡದ ಇನ್ನೊಂದು ಬಳಕೆ ಇಂದಿಗೂ ಜೋಪಾನವಾಗಿ ಉಳಿಸಿಕೊಂಡಿದೆ. “ಆ ಮಾತು ಅವರಿಗೆ ಪಥ್ಯವಾಗಲಿಲ್ಲ” ಎಂದು ನಾವು ಹೇಳುತ್ತೇವೆ, ಪತ್ರಿಕೆಗಳಲ್ಲಿಯೂ ಓದುತ್ತೇವೆ. ಹಾಗೆಂದರೆ ಆ ಮಾತು ಅವರಿಗೆ ಒಗ್ಗಲಿಲ್ಲ, ಸಲ್ಲಲಿಲ್ಲ, ಹಿಡಿಸಲಿಲ್ಲ ಎಂದರ್ಥ. ರಾಜಕೀಯದ ಸುದ್ದಿ ಬರೆಯುವವರು ಪಥ್ಯ ಶಬ್ದವನ್ನು ಸರಿಯಾಗಿ ಬಳಸುತ್ತಿದ್ದಾರೆ. ರೋಗಿಗಳೂ, ಎಷ್ಟೋ ವೇಳೆ ವೈದ್ಯರೂ ತಪ್ಪಾಗಿ ಬಳಸುತ್ತಿದ್ದೇವೆ! ಪಥ್ಯವೆಂದರೆ ಒಗ್ಗುವುದು, ಸಲ್ಲುವುದು. ಒಗ್ಗದಿರುವುದಕ್ಕೆ ಅಪಥ್ಯವೆಂಬ ಬೇರೆ ಪದವೇ ಇದೆ. ಬಾಗಿಲಲ್ಲಿ ನಿಂತು ನಮ್ಮನ್ನು ಕೇಳುವವರಿಗೆ ನಾವು ಕೊಡುವ ಬೇಡಗಳ ಪಟ್ಟಿ ವಾಸ್ತವದಲ್ಲಿ ಅಪಥ್ಯದ ಪಟ್ಟಿ. ಪಥ್ಯದ ಪಟ್ಟಿಯನ್ನು ಅವರು ಕೇಳಲಿಲ್ಲ, ನಾವು ಕೊಡಲೂ ಇಲ್ಲ.

ಚಿಕಿತ್ಸಾಸ್ಥಾನದ ಆರಂಭದಲ್ಲಿ ಚರಕಾಚಾರ್ಯರು ಔಷಧಕ್ಕಿರುವ ಪರ್ಯಾಯ ನಾಮಗಳನ್ನು ಎಣಿಸುತ್ತಾರೆ. ಅವುಗಳಲ್ಲಿ ಪಥ್ಯವೂ ಒಂದು. ಪಥ್ಯವು ಔಷಧದ ಹಿಂದೆ ಬರುವ ಬಾಲವಲ್ಲ. ಅದೇ ಒಂದು ಔಷಧ. ಔಷಧವಾದಕಾರಣ ಅದಕ್ಕೆ ಪ್ರಮಾಣ ಉಂಟು, ಕಾಲ ಉಂಟು, ಅವಧಿ ಉಂಟು. ಒಬ್ಬರಿಗೆ ಬರೆದ ಗುಳಿಗೆಯನ್ನು ಇನ್ನೊಬ್ಬರು ನುಂಗಬಾರದೆಂದು ನಾವೆಲ್ಲರೂ ಬಲ್ಲೆವು. ಒಬ್ಬರಿಗೆ ಹೇಳಿದ ಪಥ್ಯವನ್ನು ಮಾತ್ರ ಇಡೀ ಓಣಿಗೇ ಹಂಚುತ್ತೇವೆ.

ಯಾವ ಪದಾರ್ಥವೂ ಸ್ವಭಾವತಃ ಎಲ್ಲರಿಗೂ ಎಲ್ಲ ಕಾಲದಲ್ಲಿಯೂ ಪಥ್ಯವೆಂದಾಗಲಿ, ಅಪಥ್ಯವೆಂದಾಗಲಿ ಇಲ್ಲ. ಪ್ರಮಾಣ, ಕಾಲ, ಸಂಸ್ಕಾರ, ಪ್ರದೇಶ, ದೇಹ, ದೋಷ ಇವುಗಳು ಬದಲಾದಂತೆ ಅದೇ ಪದಾರ್ಥ ಬೇರೆ ಬೇರೆ ಫಲವನ್ನು ಕೊಡುತ್ತದೆಂದು ಅದೇ ಅಧ್ಯಾಯದಲ್ಲಿ ಹೇಳಿದೆ. ಉದ್ದಿನ ಕಾಳನ್ನೇ ನೋಡಿರಿ. ಕಾಳುಗಳಲ್ಲಿ ಅತ್ಯಂತ ಅಪಥ್ಯಕರವಾದದ್ದು ಉದ್ದು ಎಂದು ಚರಕಾಚಾರ್ಯರು ಹೆಸರಿಟ್ಟು ಹೇಳಿದ್ದಾರೆ. (ಬೆಳಗಾದರೆ ಇಡ್ಲಿ ದೋಸೆಗೆ ಕೈ ಚಾಚುವ ನಮಗೆ ಇದು ಅಷ್ಟಾಗಿ ಪಥ್ಯವಾಗದ ಮಾತು.) ಆದರೆ ಅದೇ ಉದ್ದು ವಾತರೋಗಗಳಲ್ಲಿ, ಪಾರ್ಶ್ವವಾಯುವಿನಲ್ಲಿ ಬಳಸುವ ಮಹಾಮಾಷ ತೈಲದ ಮುಖ್ಯ ದ್ರವ್ಯ. ಇನ್ನು ಅಳಲೆಕಾಯಿಯನ್ನು ನೋಡಿರಿ. ಅದಕ್ಕೆ ನಿಘಂಟುಗಳಲ್ಲಿ ಪಥ್ಯಾ ಎಂದೇ ಹೆಸರು. ಹೆಸರೇ ಹಾಗಿದ್ದರೂ ಗರ್ಭಿಣಿಯರಿಗೆ, ಉಪವಾಸದಿಂದ ಬಳಲಿದವರಿಗೆ, ತೀರ ಕೃಶರಾದವರಿಗೆ ಅದನ್ನು ಕೊಡಬಾರದೆಂದು ಭಾವಪ್ರಕಾಶದಲ್ಲಿ ನಿಷೇಧವಿದೆ. ಪಥ್ಯಾ ಎಂಬ ಹೆಸರಿನದೇ ಅಪಥ್ಯವಾಗಬಲ್ಲುದೆಂದ ಮೇಲೆ ಉಳಿದವುಗಳ ಮಾತೇನು?

ಎಳನೀರಿನ ಸಂಗತಿಯೂ ಹೀಗೆಯೇ. ಬೇಸಿಗೆಯಲ್ಲಿ, ಜ್ವರದಲ್ಲಿ, ಉರಿಮೂತ್ರದಲ್ಲಿ ಅದು ಹಿತಕರ. ರೋಗಿಯನ್ನು ನೋಡಲು ಹೋಗುವವರು ಎಳನೀರು ಹಿಡಿದುಕೊಂಡೇ ಹೋಗುತ್ತಾರೆ. ಆದರೆ ಮೂತ್ರಪಿಂಡಗಳ ಶಕ್ತಿ ಕುಂದಿದವರಿಗೆ ಅದರಲ್ಲಿರುವ ಪೊಟ್ಯಾಸಿಯಂ ಅಪಾಯಕಾರಿ. ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪಬಹುದು. ತಂಪೆಂದು ಪ್ರೀತಿಯಿಂದ ಕೊಟ್ಟದ್ದು ಅಲ್ಲಿ ಅಪಥ್ಯ.

ನಮ್ಮ ಚೀಟಿಯ ಕಥೆ

ನಾವು ವೃತ್ತಿಗೆ ಇಳಿದ ಮೊದಲ ವರ್ಷಗಳ ಮಾತು. ಹತ್ತಿರದ ಹಳ್ಳಿಯಿಂದ ಐವತ್ತು ದಾಟಿದ ತಾಯಿಯೊಬ್ಬರು ಬಂದಿದ್ದರು. ಎಂಟು ದಿನ ಜ್ವರ, ನಡುವೆ ಭೇದಿ. ಬಾಯಿಗೆ ರುಚಿ ಇಲ್ಲ, ಹೊಟ್ಟೆಯಲ್ಲಿ ಏನೂ ನಿಲ್ಲುವುದಿಲ್ಲ. ಔಷಧ ಬರೆದು, ಚೀಟಿಯ ಕೆಳಗೆ “ಪಥ್ಯ: ಅಕ್ಕಿಗಂಜಿ, ಹೆಸರುಬೇಳೆಯ ಕಟ್ಟು, ತಿಳಿ ಮಜ್ಜಿಗೆ. ಬೇರೆ ಏನೂ ಬೇಡ” ಎಂದು ಬರೆದು, ಕೊನೆಯ ವಾಕ್ಯದ ಅಡಿಗೆ ಗೆರೆಯನ್ನೂ ಎಳೆದೆವು. ಪಥ್ಯ ತಪ್ಪಿಸಬಾರದೆಂದು ಗಟ್ಟಿಯಾಗಿ ಹೇಳಿದೆವು. ಹೊಸ ವೈದ್ಯರಿಗೆ ಗಟ್ಟಿಯಾಗಿ ಹೇಳುವುದರಲ್ಲಿ ಒಂದು ಉತ್ಸಾಹವಿರುತ್ತದೆ. ಜ್ವರ ಹೋಯಿತು, ಭೇದಿ ನಿಂತಿತು ಎಂದು ವಾರದ ನಂತರ ಅವರ ಮಗ ಬಂದು ಹೇಳಿ ಹೋದ. ನಾವು ಮರೆತೆವು.

ನಾಲ್ಕು ತಿಂಗಳ ಮೇಲೆ ಆ ತಾಯಿಯನ್ನು ಚಕ್ಕಡಿಯಲ್ಲಿ ಕರೆತಂದರು. ನಮಗೆ ಗುರುತು ಸಿಗಲಿಲ್ಲ. ಕೈಕಾಲು ಕಡ್ಡಿಯಂತಾಗಿದ್ದವು, ಪಾದ ಬಾತಿದ್ದವು, ತಲೆಗೂದಲು ಉದುರಿತ್ತು, ನಾಲಗೆಯಲ್ಲಿ ಹುಣ್ಣು. ಏನು ಉಣ್ಣುತ್ತೀರಿ ಎಂದು ಕೇಳಿದೆವು. ಅವರು ಸೆರಗಿನ ಗಂಟು ಬಿಚ್ಚಿ ನಮ್ಮದೇ ಚೀಟಿಯನ್ನು ತೆಗೆದು ಮುಂದಿಟ್ಟರು. “ನೀವ ಬರದ ಕೊಟ್ಟೀರಲ್ರಿ. ಎಷ್ಟ ದಿನ ಅಂತ ಬರದಿರಲಿಲ್ಲ. ಬಿಟ್ರ ಮತ್ತ ಜಡ್ಡು ಬಂದೀತಂತ ಬಿಡಲಿಲ್ರಿ” ಎಂದರು. ಅದರಲ್ಲಿ ಆಕ್ಷೇಪಣೆಯ ಧ್ವನಿ ಇರಲಿಲ್ಲ. ಹೇಳಿದಂತೆ ನಡೆದ ರೋಗಿಯ ವಿಧೇಯತೆ ಮಾತ್ರ ಇತ್ತು. ಅದೇ ನಮ್ಮನ್ನು ಹೆಚ್ಚು ಚುಚ್ಚಿತು. ಅವರು ಮತ್ತೆ ಮೊದಲಿನಂತಾಗಲು ಬಹಳ ತಿಂಗಳುಗಳೇ ಹಿಡಿದವು.

ತಪ್ಪು ಗಂಜಿಯದಲ್ಲ. ಜ್ವರಭೇದಿಗಳಲ್ಲಿ ಗಂಜಿಯೂ ಕಟ್ಟೂ ಯೋಗ್ಯವಾದ ಪಥ್ಯವೇ. ಅವಧಿಯನ್ನು ಹೇಳದಿದ್ದದ್ದು ತಪ್ಪು. ಶಾಸ್ತ್ರದಲ್ಲಿ ಆ ತಪ್ಪಿಗೆ ಆಸ್ಪದವೇ ಇಲ್ಲ. ಪಂಚಕರ್ಮದ ತರುವಾಯ ಜಠರಾಗ್ನಿ ಮಂದವಾಗಿರುವಾಗ ಪಾಲಿಸುವ ಸಂಸರ್ಜನ ಕ್ರಮವನ್ನು ಚರಕಸಂಹಿತೆ ಊಟದ ಲೆಕ್ಕದಲ್ಲಿ ಹೇಳುತ್ತದೆ: ಮೊದಲು ಪೇಯಾ, ಅಂದರೆ ಹದಿನಾಲ್ಕು ಪಾಲು ನೀರಿನಲ್ಲಿ ಬೇಯಿಸಿದ ತೆಳುಗಂಜಿ, ಆಮೇಲೆ ವಿಲೇಪಿ, ಅಂದರೆ ನಾಲ್ಕು ಪಾಲು ನೀರಿನ ದಪ್ಪಗಂಜಿ, ಆಮೇಲೆ ಉಪ್ಪು ಒಗ್ಗರಣೆಗಳಿಲ್ಲದ ಬೇಳೆಯ ಕಟ್ಟು, ಆಮೇಲೆ ಒಗ್ಗರಣೆ ಹಾಕಿದ ಕಟ್ಟು. ಹೀಗೆ ಒಂದೊಂದಕ್ಕೆ ಶೋಧನದ ಬಲಾಬಲವನ್ನು ನೋಡಿ ಮೂರು, ಎರಡು ಅಥವಾ ಒಂದು ಊಟ. ತೀವ್ರ ಶೋಧನವಾದವರೂ ಏಳನೆಯ ದಿನಕ್ಕೆ ಎಂದಿನ ಊಟಕ್ಕೆ ಮರಳಬೇಕು. ಸಣ್ಣ ಕಿಡಿಗೆ ಮೊದಲು ಹುಲ್ಲುಕಡ್ಡಿ, ಆಮೇಲೆ ಪುಳ್ಳೆ, ಕಡೆಗೆ ಕೊರಡು ಒಡ್ಡಿದಂತೆ. ಕೊರಡನ್ನು ಎಂದಿಗೂ ಒಡ್ಡದೆ ಹುಲ್ಲುಕಡ್ಡಿಯಲ್ಲಿಯೇ ಒಲೆ ಉರಿಸುತ್ತೇನೆಂದರೆ ಒಲೆ ಆರುತ್ತದೆ. ಆ ತಾಯಿಗೆ ಆದದ್ದು ಅದೇ.

ಅಂದಿನಿಂದ ನಾವು ಬರೆಯುವ ಪ್ರತಿ ಪಥ್ಯದ ಮುಂದೆ ಇಷ್ಟು ದಿನ ಎಂದು ಅಂಕೆಯಲ್ಲಿ ಬರೆಯುತ್ತೇವೆ.

ಕಾಮಾಲೆಯ ಪಥ್ಯ

ತಪ್ಪು ಪಥ್ಯದಿಂದ ಅತಿ ಹೆಚ್ಚು ಹಾನಿಯಾಗುವುದನ್ನು ನಾವು ಕಾಮಾಲೆ ರೋಗದಲ್ಲಿ ಕಂಡಿದ್ದೇವೆ. ಕಣ್ಣು ಹಳದಿಯಾದ ಕೂಡಲೇ ಉಪ್ಪು ಬಿಡಿಸುತ್ತಾರೆ, ಎಣ್ಣೆ ತುಪ್ಪ ಬಿಡಿಸುತ್ತಾರೆ, ಹಳದಿಯ ಮೇಲೆ ಹಳದಿ ಬೇಡವೆಂದು ಅರಿಸಿನವನ್ನೂ ಬಿಡಿಸುತ್ತಾರೆ. ಸಪ್ಪೆ ಅನ್ನ, ಮಜ್ಜಿಗೆ, ಅದೂ ವಾರಗಟ್ಟಲೆ. ಮೊದಲೇ ವಾಕರಿಕೆಯಿಂದ ಊಟ ಸೇರದ ರೋಗಿ ಸಪ್ಪೆ ಅನ್ನವನ್ನು ಎರಡು ತುತ್ತು ತಿಂದು ತಟ್ಟೆ ಸರಿಸುತ್ತಾನೆ.

ಕಲುಷಿತ ನೀರಿನಿಂದ ಹರಡುವ ಹೆಪಟೈಟಿಸ್ ಎ ಮತ್ತು ಇ ವೈರಾಣುಗಳಿಂದ ಬರುವ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ವಾರಗಳಲ್ಲಿ ಕೊಟ್ಟ ಯಾವ ಔಷಧಕ್ಕೂ, ಮಾಡಿಸಿದ ಯಾವ ಪಥ್ಯಕ್ಕೂ ಕೀರ್ತಿ ಬರುತ್ತದೆ. ಇದನ್ನು ಬರೆದರೆ ಕೆಲವರಿಗೆ ಬೇಸರವಾದೀತು; ಆದರೂ ಬರೆಯಬೇಕಾಗಿದೆ. ಯಕೃತ್ತು ತನ್ನನ್ನು ತಾನು ಸರಿಪಡಿಸಿಕೊಳ್ಳುವ ಹೊತ್ತಿನಲ್ಲಿ ಅದಕ್ಕೆ ಬೇಕಾದದ್ದು ಅನ್ನವೇ ಹೊರತು ಉಪವಾಸವಲ್ಲ. ಚರಕಸಂಹಿತೆಯ ಪಾಂಡು ಚಿಕಿತ್ಸೆಯ ಅಧ್ಯಾಯದಲ್ಲಿಯೇ ಕಾಮಾಲೆಯ ಚಿಕಿತ್ಸೆಯೂ ಬರುತ್ತದೆ. ಅಲ್ಲಿ ಹೇಳಿರುವ ಪಥ್ಯಾನ್ನ ಯಾವುದು? ಹಳೆಯ ಅಕ್ಕಿ, ಜವೆ, ಗೋಧಿ. ಅವುಗಳ ಜೊತೆಗೆ ಹೆಸರು, ತೊಗರಿ, ಚನ್ನಂಗಿ ಬೇಳೆಗಳ ಕಟ್ಟು. ಔಷಧವಾಗಿ ತುಪ್ಪದ ಕಲ್ಪಗಳನ್ನೂ ಅಲ್ಲಿಯೇ ಹೇಳಿದ್ದಾರೆ. ನಮ್ಮ ಮನೆಗಳ ಸಪ್ಪೆ ಪಥ್ಯಕ್ಕೂ ಈ ಊಟಕ್ಕೂ ಎಷ್ಟು ಅಂತರ! ವಾಕರಿಕೆ ಇರುವಾಗ ಕರಿದದ್ದು, ಜಿಡ್ಡಿನದು ಸೇರುವುದಿಲ್ಲವಾದ್ದರಿಂದ ಬೇಡ. ಹಸಿವೆ ಮರಳಿದಂತೆ ಜೋಳದ ರೊಟ್ಟಿ, ಬೇಳೆ, ಪಲ್ಯ, ಹಣ್ಣು ಎಲ್ಲವೂ ಬರಬೇಕು. ಮದ್ಯವನ್ನು ಮಾತ್ರ ಪೂರ್ಣವಾಗಿ ಬಿಡಬೇಕು. ವೈದ್ಯರಿಗೆ ತಿಳಿಸದೆ ಯಾವ ಗುಳಿಗೆಯನ್ನೂ, ಯಾವ ಬೇರು ಸೊಪ್ಪಿನ ರಸವನ್ನೂ ತೆಗೆದುಕೊಳ್ಳಬಾರದು. ನಮ್ಮ ಪದ್ಧತಿಯ ಔಷಧಗಳಿಗೂ ಈ ಮಾತು ಅನ್ವಯಿಸುತ್ತದೆ. ಬಳಲಿದ ಯಕೃತ್ತಿಗೆ ಗಿಡಮೂಲಿಕೆಯೂ ಹೊರೆಯಾಗಬಹುದು.

ಕಾಮಾಲೆಯೆಲ್ಲವೂ ವೈರಾಣುವಿನದೇ ಆಗಿರುವುದಿಲ್ಲ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ, ಗಡ್ಡೆ ಬೆಳೆದರೂ ಕಣ್ಣು ಹಳದಿಯಾಗುತ್ತದೆ. ಪಥ್ಯ ಮಾಡುತ್ತ ಕುಳಿತರೆ ಅಲ್ಲಿ ಅಮೂಲ್ಯವಾದ ಕಾಲ ಕಳೆದುಹೋಗುತ್ತದೆ. ರೋಗಿಗೆ ಮಂಪರು ಕವಿದರೆ, ಮಾತು ತಪ್ಪಿದರೆ, ಎಲ್ಲಿಂದಲಾದರೂ ರಕ್ತ ಒಸರಿದರೆ, ವಾಂತಿ ನಿಲ್ಲದಿದ್ದರೆ ಅದೇ ಗಳಿಗೆಯಲ್ಲಿ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಗರ್ಭಿಣಿಗೆ ಕಾಮಾಲೆಯಾದರೆ ಅಂಥ ಲಕ್ಷಣಗಳಿಗಾಗಿ ಕಾಯುವಂತೆಯೂ ಇಲ್ಲ; ಹೆಪಟೈಟಿಸ್ ಇ ಗರ್ಭಿಣಿಯರಲ್ಲಿ ಪ್ರಾಣಾಪಾಯಕ್ಕೆ ಒಯ್ಯಬಲ್ಲುದು.

ಮಕ್ಕಳ ಭೇದಿಯಲ್ಲಿಯೂ ಇಂಥದೇ ತಪ್ಪು ನಡೆಯುತ್ತದೆ. ಹೊಟ್ಟೆಗೆ ವಿಶ್ರಾಂತಿ ಎಂದು ಹಾಲು, ನೀರು, ಅನ್ನ ಎಲ್ಲವನ್ನೂ ನಿಲ್ಲಿಸುತ್ತಾರೆ. ಭೇದಿಯಲ್ಲಿ ಕೂಸು ಸಾಯುವುದು ನೀರು ಆರಿ. ಎದೆಹಾಲನ್ನು ನಿಲ್ಲಿಸಬಾರದು. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಿರುವಷ್ಟು ನೀರಿನಲ್ಲಿ ಕಲಸಿ ಗುಟುಕು ಗುಟುಕಾಗಿ ಕುಡಿಸಬೇಕು. ಅದು ಸಿಗುವವರೆಗೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಎರಡೂ ಮಟ್ಟಸವಾಗಿ. ಅರಳಿನ ಗಂಜಿಯೂ ಹಿತವಾದದ್ದು. ಬಾಣಂತಿಯ ಪಥ್ಯದ ವಿಷಯವನ್ನು ಪ್ರತ್ಯೇಕವಾಗಿಯೇ ಬರೆಯಬೇಕು. ಇಲ್ಲಿ ಇಷ್ಟು ಮಾತ್ರ: ಹೆರಿಗೆಯಾದ ಮೊದಲ ಐದೇಳು ದಿನ ಸ್ನೇಹಯುಕ್ತವಾದ ತೆಳುಗಂಜಿ, ತರುವಾಯ ಕ್ರಮವಾಗಿ ಪುಷ್ಟಿಕರ ಆಹಾರ ಎಂಬುದು ಶಾಸ್ತ್ರದ ಕ್ರಮ. ಹಾಲೂಡಿಸುವ ತಾಯಿಗೆ ನೀರನ್ನು ಅಳೆದು ಕೊಡಿರಿ, ಸೊಪ್ಪು ಹಣ್ಣು ಮುಟ್ಟಿಸಬೇಡಿರಿ ಎಂದು ನಮ್ಮ ಯಾವ ಸಂಹಿತೆಯೂ ಹೇಳಿಲ್ಲ.

ಪ್ರಸಾದವೂ ಪಥ್ಯವೂ

ಈ ಪತ್ರಿಕೆಯ ಓದುಗರಲ್ಲಿ ಅನೇಕರು ಮಧುಮೇಹಿಗಳು ಎಂಬುದನ್ನು ನಾವು ಬಲ್ಲೆವು. ಜಾತ್ರೆಯ ದಿನಗಳಲ್ಲಿ ದಾಸೋಹದ ಪಂಕ್ತಿಯಲ್ಲಿ ಗೋಧಿ ಹುಗ್ಗಿಗೆ ಎರಡನೆಯ ಸಲ ತಟ್ಟೆ ಒಡ್ಡುತ್ತ, ನಮ್ಮನ್ನು ಕಂಡು ನಕ್ಕು, “ಪ್ರಸಾದಕ್ಕ ಪಥ್ಯ ಇಲ್ರಿ ಸಾಹೇಬ್ರ” ಎನ್ನುವವರನ್ನು ಕಂಡಿದ್ದೇವೆ. ಭಕ್ತಿಯ ಮಾತಿಗೆ ವೈದ್ಯರು ಎದುರಾಡುವುದು ಕಷ್ಟ. ಆದರೆ ಅಷ್ಟಾವರಣಗಳಲ್ಲಿ ಒಂದಾದ ಪ್ರಸಾದವನ್ನು ಸೌಟಿನಲ್ಲಿ ಅಳೆಯುವ ಪದ್ಧತಿ ನಮ್ಮಲ್ಲಿಲ್ಲ. ಒಂದು ತುತ್ತೂ ಪ್ರಸಾದವೇ. ಪ್ರಸಾದವನ್ನು ಮಿಕ್ಕಿಸಬಾರದೆಂಬ ನಿಯಮ ಉಂಟಷ್ಟೆ. ಆ ನಿಯಮವೇ ಮಧುಮೇಹಿಗೆ ಸಹಾಯಕ್ಕೆ ಬರುತ್ತದೆ. ನೀಡುವ ಮೊದಲೇ ಕೈ ಅಡ್ಡ ಹಿಡಿದು ಸ್ವಲ್ಪ ಎಂದು ಕೇಳಿಕೊಳ್ಳಬೇಕು. ನೀಡುವ ಸೇವಾಕರ್ತರೂ ಒತ್ತಾಯ ಮಾಡಬಾರದು. ಶರಣರ ಗಣದಲ್ಲಿ ವೈದ್ಯ ಸಂಗಣ್ಣನೆಂಬ ವೈದ್ಯವೃತ್ತಿಯ ವಚನಕಾರರು ಇದ್ದರು. ರೋಗ ಚಿಕಿತ್ಸೆಗಳ ಪರಿಭಾಷೆ ಅವರ ವಚನಗಳಲ್ಲಿ ಬರುತ್ತದೆ. ದೇಹದ ಆರೈಕೆಯನ್ನು ಭಕ್ತಿಗೆ ಹೊರಗಿನದೆಂದು ಭಾವಿಸುವ ಪರಂಪರೆ ನಮ್ಮದಲ್ಲ.

ಮಧುಮೇಹದ ಪಥ್ಯದಲ್ಲಿ ಪ್ರಮಾಣವೇ ಪ್ರಧಾನ. ಅನ್ನ ಬಿಟ್ಟು ರಾಗಿ ಮುದ್ದೆಗೋ, ಜೋಳದ ರೊಟ್ಟಿಗೋ ಹೋದವರು ಅವು ಪಥ್ಯವೆಂದು ನಾಲ್ಕು ರೊಟ್ಟಿ ತಿನ್ನುತ್ತಾರೆ. ಎರಡರಲ್ಲಿಯೂ ಪಿಷ್ಟವೇ ಮುಖ್ಯ. ನಾರು ಹೆಚ್ಚೆಂಬುದು ನಿಜ, ಆದರೆ ಲೆಕ್ಕ ತಪ್ಪಿದರೆ ರಕ್ತದ ಸಕ್ಕರೆ ಏರಿಯೇ ಏರುತ್ತದೆ. ಬೆಲ್ಲವೂ ಜೇನುತುಪ್ಪವೂ ಸಕ್ಕರೆಗೆ ಪರಿಹಾರವಲ್ಲ. ರೊಟ್ಟಿ ಎರಡಾಗಿ, ಪಲ್ಯ, ಬೇಳೆ, ಮೊಳಕೆಕಾಳು, ಸೌತೆಕಾಯಿ, ಮೂಲಂಗಿಗಳು ತಟ್ಟೆಯ ಉಳಿದ ಭಾಗವನ್ನು ತುಂಬಬೇಕು.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದದ್ದು. ಪಥ್ಯವಿದ್ದರೆ ಔಷಧವೇ ಬೇಡವೆಂಬ ಅರ್ಥದ ಮಾತೊಂದು ಜನಜನಿತವಾಗಿದೆ. ಲೋಲಿಂಬರಾಜನ ವೈದ್ಯಜೀವನವೆಂಬ ಗ್ರಂಥದಿಂದ ಹರಡಿದ ಮಾತು ಅದು. ಪಥ್ಯದ ಮಹತ್ವವನ್ನು ಎತ್ತಿ ಹಿಡಿಯಲು ಹೇಳಿದ ಪ್ರಶಂಸೆಯ ನುಡಿ. ಅದನ್ನು ವಿಧಿವಾಕ್ಯವೆಂದು ಹಿಡಿದು ರಕ್ತದೊತ್ತಡದ, ಮಧುಮೇಹದ, ಹೃದಯದ ಗುಳಿಗೆಗಳನ್ನು ತಾವಾಗಿಯೇ ನಿಲ್ಲಿಸಿ, “ಪಥ್ಯದಾಗ ಇದ್ದೀನ್ರಿ” ಎಂದು ಹೇಳುವವರಿದ್ದಾರೆ. ಆಯುರ್ವೇದ ವೈದ್ಯರಾದ ನಾವು ಇದನ್ನು ಹೇಳಿದರೆ ಹೆಚ್ಚು ಜನ ಕೇಳಿಯಾರೆಂಬ ಆಸೆಯಿಂದ ಹೇಳುತ್ತಿದ್ದೇವೆ: ಪಥ್ಯದಿಂದ ಗುಳಿಗೆಯ ಪ್ರಮಾಣ ಕಡಿಮೆಯಾಗುವ ಸಂಭವವಿದೆ, ಕಡಿಮೆ ಮಾಡಬೇಕಾದವರು ಅದನ್ನು ಬರೆದ ವೈದ್ಯರು, ರಕ್ತಪರೀಕ್ಷೆ ನೋಡಿ.

ಇದರ ವಿರುದ್ಧದ ತಪ್ಪೂ ಅಷ್ಟೇ ಅಪಾಯಕರ. ಒಂದು ಶಿವರಾತ್ರಿಯ ಸಂಜೆ. ಭಜನೆಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ಮೈಯೆಲ್ಲ ಬೆವರಿ, ಕೈ ನಡುಗಿಸುತ್ತ, ಸಂಬಂಧವಿಲ್ಲದ ಮಾತಾಡತೊಡಗಿದರು. ಉಪವಾಸದ ದಣಿವೆಂದು ಸುತ್ತಲಿನವರು ಗೋಡೆಗೆ ಒರಗಿಸಿ ಗಾಳಿ ಬೀಸುತ್ತಿದ್ದರು. ವಿಚಾರಿಸಿದರೆ, ಬೆಳಿಗ್ಗೆ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ತಪ್ಪದೆ ನುಂಗಿದ್ದರು. ಗ್ಲಿಮೆಪಿರೈಡ್ ಎಂಬ ಗುಳಿಗೆ. ಅನ್ನವಿಲ್ಲದ ಹೊಟ್ಟೆಯಲ್ಲಿ ಅದು ರಕ್ತದ ಸಕ್ಕರೆಯನ್ನು ತಳಕ್ಕೆ ಇಳಿಸಿತ್ತು. ಇನ್ನೂ ಎಚ್ಚರವಿದ್ದು ನುಂಗುವ ಶಕ್ತಿ ಇದ್ದುದರಿಂದ ಬೆಲ್ಲದ ಪಾನಕವನ್ನು ಕುಡಿಸಿದೆವು. ಕಾಲುಗಂಟೆಯಲ್ಲಿ ತಮ್ಮ ಹೆಸರು ಹೇಳಿದರು. ವ್ರತ ಕೆಟ್ಟಿತೆಂದು ಕಣ್ಣೀರಿಟ್ಟರು. ಅವರನ್ನು ಸಮಾಧಾನಪಡಿಸುವುದು ಪಾನಕ ಕುಡಿಸುವುದಕ್ಕಿಂತ ಕಷ್ಟವಾಯಿತು.

ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್ ಅಥವಾ ಗ್ಲಿಕ್ಲಜೈಡ್ ಮುಂತಾದ ಗುಳಿಗೆ ನುಂಗುವವರು ಶಿವರಾತ್ರಿಗೂ, ಶ್ರಾವಣ ಸೋಮವಾರಕ್ಕೂ ಒಂದು ವಾರ ಮೊದಲೇ ತಮ್ಮ ವೈದ್ಯರನ್ನು ಕಂಡು ಆ ದಿನದ ಪ್ರಮಾಣವನ್ನು ಕೇಳಿಕೊಳ್ಳಬೇಕು. ಬೆವರು, ನಡುಕ, ಎದೆಬಡಿತ, ಗಲಿಬಿಲಿ ಕಂಡರೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ತಕ್ಷಣ ಕುಡಿಯಬೇಕು. ಕಾಲುಗಂಟೆಯಲ್ಲಿ ಇಳಿಯದಿದ್ದರೆ ಮತ್ತೊಮ್ಮೆ. ಚೇತರಿಸಿಕೊಂಡ ಬಳಿಕ ಏನನ್ನಾದರೂ ಉಣ್ಣಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಶ್ವಾಸಕ್ಕೆ ಸಿಕ್ಕಿಕೊಳ್ಳುತ್ತದೆ. ಅವರನ್ನು ಆಸ್ಪತ್ರೆಗೇ ಒಯ್ಯಬೇಕು. ಉಪವಾಸ ಬೇರೆ, ಪಥ್ಯ ಬೇರೆ. ಲಂಘನವೆಂಬುದು ಶಾಸ್ತ್ರದಲ್ಲಿ ಒಂದು ಚಿಕಿತ್ಸೆ. ಅದಕ್ಕೆ ಯೋಗ್ಯರು ಯಾರು, ಅಯೋಗ್ಯರು ಯಾರು ಎಂಬ ವಿವೇಚನೆ ಅಲ್ಲಿಯೇ ಇದೆ.

ರಕ್ತದೊತ್ತಡದವರಿಗೆ ಉಪ್ಪಿನ ಕುರಿತು ಎರಡು ಮಾತು. ಸೈಂಧವ ಲವಣ ಲವಣಗಳಲ್ಲಿ ಶ್ರೇಷ್ಠವೆಂದು ಚರಕಾಚಾರ್ಯರು ಹೇಳಿರುವುದರಿಂದ ಅದನ್ನು ಧಾರಾಳವಾಗಿ ಬಳಸಬಹುದೆಂದು ಹಲವರ ಎಣಿಕೆ. ಅದೇ ಆಚಾರ್ಯರು ವಿಮಾನಸ್ಥಾನದ ಮೊದಲ ಅಧ್ಯಾಯದಲ್ಲಿ ಅತಿಯಾಗಿ ಬಳಸಬಾರದ ಮೂರು ದ್ರವ್ಯಗಳನ್ನು ಹೆಸರಿಸಿದ್ದಾರೆ: ಹಿಪ್ಪಲಿ, ಕ್ಷಾರ, ಲವಣ. ಸೈಂಧವವೂ ಬಹುಪಾಲು ಸೋಡಿಯಂ ಕ್ಲೋರೈಡೇ. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚಕ್ಕೂ ಒಳಗೆ ಉಪ್ಪು ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಾರಿಗೆ ಹಾಕುವ ಉಪ್ಪಿನ ಜೊತೆಗೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿಗಳ ಉಪ್ಪನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಮ್ಮೆಲೇ ಸಪ್ಪೆಗೆ ಇಳಿದವರು ಹದಿನೈದು ದಿನದಲ್ಲಿ ಮತ್ತೆ ಹಳೆಯ ರುಚಿಗೇ ಮರಳುವುದನ್ನು ನೋಡಿದ್ದೇವೆ. ರೂಢಿಯಾದ ಅಹಿತವನ್ನು ಕಾಲುಭಾಗ, ಕಾಲುಭಾಗವಾಗಿ ನಡುವೆ ಬಿಡುವು ಕೊಟ್ಟು ಬಿಡಬೇಕೆಂಬುದು ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿರುವ ಉಪಾಯ. ಉಪ್ಪಿಗೂ, ಚಹಾದ ಸಕ್ಕರೆಗೂ, ತಂಬಾಕಿಗೂ ಅದು ಉಪಯೋಗಕ್ಕೆ ಬರುತ್ತದೆ. ಹೀಗೆ ಕಡಿಮೆಯಾದ ಉಪ್ಪಿಗೆ ಒಂದು ತಿಂಗಳಲ್ಲಿ ನಾಲಗೆ ಒಗ್ಗುತ್ತದೆ. ಮನಸ್ಸಿಗೂ ಪ್ರಿಯವಾಗಿರಬೇಕೆಂದು ಲಕ್ಷಣದಲ್ಲಿ ಹೇಳಿದ್ದು ಇಲ್ಲಿಗೆ ಸಲ್ಲುತ್ತದೆ.

ಆದಕಾರಣ ಸದ್ಭಕ್ತರಲ್ಲಿ ನಮ್ಮ ವಿಜ್ಞಾಪನೆ ಇಷ್ಟು. ಇನ್ನು ಮುಂದೆ ವೈದ್ಯರ ಬಾಗಿಲಲ್ಲಿ ತಿರುಗಿ ನಿಂತಾಗ ಏನು ಬಿಡಬೇಕು ಎಂದು ಮಾತ್ರ ಕೇಳದೆ, ಏನು ಉಣ್ಣಬೇಕು, ಎಷ್ಟು ಉಣ್ಣಬೇಕು, ಎಷ್ಟು ದಿನ ಎಂದು ಕೇಳಿರಿ. ಮೂರನೆಯ ಪ್ರಶ್ನೆಗೆ ಉತ್ತರ ಬಾರದಿದ್ದರೆ ಚೀಟಿಯನ್ನು ಮತ್ತೆ ವೈದ್ಯರ ಕೈಗೆ ಕೊಟ್ಟು ಬರೆಯಿಸಿಕೊಳ್ಳಿರಿ; ಯಾವ ವೈದ್ಯರೂ ಅದಕ್ಕೆ ಬೇಸರಪಡಬಾರದು. ಮನೆಯ ಹಿರಿಯರ ಟ್ರಂಕಿನಲ್ಲಿ, ದಿಂಬಿನ ಕೆಳಗೆ, ಸೆರಗಿನ ಗಂಟಿನಲ್ಲಿ ಹಳೆಯ ಪಥ್ಯದ ಚೀಟಿಗಳಿದ್ದರೆ ಹೊರಗೆ ತೆಗೆದು ದಿನಾಂಕ ನೋಡಿರಿ. ವರ್ಷವಾಗಿದ್ದು, ಅವರು ಇನ್ನೂ ಅದನ್ನೇ ಪಾಲಿಸುತ್ತಿದ್ದರೆ, ಅವರನ್ನೂ ಚೀಟಿಯನ್ನೂ ಒಟ್ಟಿಗೆ ವೈದ್ಯರಲ್ಲಿಗೆ ಕರೆದೊಯ್ಯಿರಿ.